ಇಟಾಲಿಯನ್‌ನಲ್ಲಿ ಬಾಯಿಬಿಟ್ಟದ್ದು

ಮೂಡುಬಿದಿರೆಯಲ್ಲಿ ನಮಗೆ ಇಟಾಲಿಯನ್ ಕಲಿಸುತ್ತಿದ್ದವರು ಇಟಲಿಯಲ್ಲಿ ಬಹಳ ಕಾಲ ಇದ್ದು ಮರಳಿದ್ದ ಒಬ್ಬ ಸಿಸ್ಟರ್. ನಾನು ಬಂಟ್ವಾಳದಲ್ಲಿ ಹಾಸಿಗೆ ಹಿಡಿದವರ ಮನೆಗಳಲ್ಲಿ ಹೋಂ ನರ್ಸ್ ಆಗಿದ್ದೆ. ಇದೇ ಕೆಲಸ ಇಟಲಿಯಲ್ಲಿಯೂ ಉಂಟೆಂದು ಕೇಳಿ ನಮ್ಮ ಊರು ಬೆಳ್ತಂಗಡಿಯಿಂದ ವಾರಕ್ಕೊಮ್ಮೆ ಕ್ಲಾಸಿಗೆ ಹೋಗತೊಡಗಿದೆ. ಜೊತೆಗೆ ಗುರುವಾಯನಕೆರೆಯ ಗೆಳತಿಯೊಬ್ಬಳು, ಅವಳೂ ನರ್ಸೇ.

ಬಸ್ಸಿನಲ್ಲಿ ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಿದ್ದೆವು. ಒಂದು ಸಂಜೆ ಅವಳು "ಸೇಯ್ ಸ್ಪೊಸಾತಾ?" ಎಂದು ಕೇಳಿದಳು. ನಿನಗೆ ಮದುವೆ ಆಗಿದೆಯಾ ಎಂದು.

ನನ್ನ ಗಂಡ ದುಬೈಗೆ ಹೋಗಿ, ಫೋನ್ ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಅಲ್ಲಿ ಅವನಿಗೆ ಬೇರೆ ಸಂಸಾರ ಉಂಟೆಂದು ತಿಳಿದಿತ್ತು. ಯಾರು ಕೇಳಿದರೂ, ಈ ಗೆಳತಿಗೂ, "ದುಬೈಯಲ್ಲಿದ್ದಾರೆ" ಎಂದಷ್ಟೇ ಹೇಳುತ್ತಿದ್ದೆ. ಆ ಸಂಜೆ ಮಾತ್ರ, ಬಸ್ಸಿನಲ್ಲಿ ಯಾರಿಗೂ ಅರ್ಥವಾಗದ ಭಾಷೆಯೆಂಬ ಧೈರ್ಯಕ್ಕೋ ಏನೋ, "ಸೋನೊ ಸೆಪರಾತಾ" ಅಂದುಬಿಟ್ಟೆ. ಬೇರೆಯಾಗಿದ್ದೇನೆ ಎಂದು.

ಅವಳು ನಕ್ಕಳು. "ತಪ್ಪು ಮಾರಾಯ್ತಿ. ನಿನಗೆ ಸ್ಪೊಸಾತಾ ಬರ್ತದೆ."

"ಇಲ್ಲ, ಸರಿಯಾಗಿಯೇ ಹೇಳಿದ್ದು."

ಅವಳು ಪುಸ್ತಕ ಮುಚ್ಚಿದಳು. ಇಳಿಯುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಕೆಲವು ತಿಂಗಳ ಮೇಲೆ ಇಟಲಿಯ ಒಂದು ಮನೆಯ ಕೆಲಸಕ್ಕೆ ವಿಡಿಯೋ ಕಾಲ್‌ನಲ್ಲಿ ನಮ್ಮಿಬ್ಬರ ಸಂದರ್ಶನವಾಯಿತು. ಆರೈಕೆ ಬೇಕಾಗಿದ್ದ ಅಜ್ಜಿಯ ಮಗಳು ನನ್ನಲ್ಲೂ ಮದುವೆಯ ವಿಷಯ ಕೇಳಿದಳು. ಅಂಜದೆ ಸೆಪರಾತಾ ಅಂದೆ. ಅವಳು ಮೆತ್ತಗೆ, "ದಾ ಕ್ವಾಂತೊ ತೆಂಪೊ?" ಎಂದಳು. ಎಷ್ಟು ಕಾಲವಾಯಿತು?

ಪ್ರಶ್ನೆ ಅರ್ಥವಾಗಿತ್ತು. ಅಂಕಿಗಳೂ ಬಾಯಿಪಾಠ ಇದ್ದವು. ಆದರೆ ಎಲ್ಲಿಂದ ಲೆಕ್ಕ ಹಿಡಿಯುವುದು? ಅವನು ವಿಮಾನ ಹತ್ತಿದಲ್ಲಿಂದಲೋ, ಫೋನ್ ನಿಂತಲ್ಲಿಂದಲೋ? ಕಡೆಯ ಸಲ ಮಾತಾಡಿದಾಗ ಅವನು ಮಳೆ ಶುರುವಾಯಿತಾ ಎಂದು ವಿಚಾರಿಸಿದ್ದ, ಬೇರೇನೂ ಹೇಳಿರಲಿಲ್ಲ. ನಾನು ಪರದೆ ನೋಡುತ್ತ ಕೂತುಬಿಟ್ಟೆ. ನನಗೆ ಭಾಷೆ ಸಾಲದು ಎಂದು ಅವಳು ತಿಳಿದಳು.

ಕೆಲಸ ಗೆಳತಿಗೆ ಸಿಕ್ಕಿತು. ಅವಳು ಹೊರಟ ಮೇಲೆ ನಾನು ಕ್ಲಾಸು ಬಿಟ್ಟೆ. ಯಾಕೆ ಬಿಟ್ಟದ್ದು ಎಂದು ಅಮ್ಮ ಕೇಳಿದಾಗ ಮೊದಲ ಬಾರಿಗೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ತುಳುವಿನಲ್ಲಿ ಅದು ನಾನು ಬೇರೆಯಾದ ಮಾತಾಗಿರಲಿಲ್ಲ. ಗಂಡ ನನ್ನನ್ನು ಬಿಟ್ಟ ಮಾತಾಗಿತ್ತು.

ಅಮ್ಮ ಗಂಜಿಯ ಪಾತ್ರೆ ಒಲೆಯಿಂದ ಇಳಿಸಿದರು. ಮತ್ತೆ, "ಇದನ್ನು ಊರಲ್ಲಿ ಯಾರಿಗಾದರೂ ಹೇಳಿದ್ದೀಯಾ?" ಎಂದರು.

"ಇಲ್ಲ."

"ಹೇಳಬೇಡ," ಎಂದು ನನ್ನ ಬಟ್ಟಲಿಗೆ ಗಂಜಿ ಬಡಿಸಿದರು.