ಒಂದು ಬಂಚಿಗೆ ಮೂರು ಹೆಸರು

ಸೂಳಗಿರಿಯಲ್ಲಿ ಬಸ್ಸು ನಿಂತಾಗ ಯಾರೋ ಗುಲಾಬಿ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟರು. ಗುಲಾಬಿ ಎಂದರೆ ನಿಮಗೆ ಹೂವಿನ ವಾಸನೆ ನೆನಪಾಗಬಹುದು. ನನಗೆ ಮೊದಲು ಬರುವುದು ತಣ್ಣಗಿನ ಹಸಿ ಎಲೆಯ ವಾಸನೆ, ಅದರ ಹಿಂದೆಯೇ ಲಕ್ಷ್ಮಕ್ಕನ ಮುಖ.

ನಾನು ಹೊಸೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೈಪಿಡಿ ಬರೆಯುವವನು. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ತಿಳಿಸುವುದೇ ನನ್ನ ಸಾಹಿತ್ಯ. ಸೇರಿದ ಹೊಸತರಲ್ಲಿ ಉದ್ದನಪಲ್ಲಿ ಕಡೆಯ ಗುಲಾಬಿ ತೋಟವೊಂದರ ಪ್ಯಾಕಿಂಗ್ ಶೆಡ್ಡಿಗೆ ಟ್ಯಾಬ್ಲೆಟ್‌ನಲ್ಲಿ ನಡೆಯುವ ಸಾಫ್ಟ್‌ವೇರ್ ಮಾಡಿಕೊಟ್ಟೆವು. ತಮಿಳು ಕೈಪಿಡಿ ಬೇರೆಯವರದು, ಕನ್ನಡದ್ದು ನನ್ನದು. ಶಾಲೆಯಲ್ಲಿ ಒಂದೇ ಪದ ಎರಡು ಸಲ ಬಂದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಆ ಭಯ ಎಲ್ಲಿ ಹೋಗುತ್ತದೆ? ಸ್ಕ್ರೀನ್ ಮೇಲೆ ‘ಬಂಚ್’ ಎಂದಿದ್ದುದನ್ನು ಮೊದಲ ಸಾಲಿನಲ್ಲಿ ಬಂಚ್ ಎಂದೆ, ಮುಂದಿನದರಲ್ಲಿ ಕಟ್ಟು, ಆಮೇಲೆ ಗೊಂಚಲು. ಬರೆದದ್ದನ್ನು ನಾನೇ ಎರಡು ಸಲ ಓದಿ ಖುಷಿಪಟ್ಟೆ.

ಲಕ್ಷ್ಮಕ್ಕ ಆ ಶೆಡ್ಡಿನಲ್ಲಿ ವರ್ಷಗಟ್ಟಲೆ ಹೂ ವಿಂಗಡಿಸಿದವರು. ಟ್ಯಾಬ್ಲೆಟ್ ಕಲಿತರೆ ಶೆಡ್ಡಿನ ಉಸ್ತುವಾರಿ ಅವರಿಗೇ ಎಂದು ಮಾಲೀಕರು ಹೇಳಿದ್ದರು. ವಾರ ಬಿಟ್ಟು ನಾನು ಹೋದಾಗ ಟ್ಯಾಬ್ಲೆಟ್ ಮೂಲೆಯಲ್ಲಿತ್ತು.

“ನಂಗಿದು ಹತ್ತಾಕಿಲ್ಲ ಕಣಪ್ಪಾ. ಎಂಟ್ನೇ ಕ್ಲಾಸಿಗೇ ಬಿಟ್ಟೋಳು ನಾನು. ಬೇರೆಯೋರಿಗ್ ಕೊಡ್ಲಿ, ತೋಟಕ್ಕೆ ಹೂ ಕೊಯ್ಯಾಕ್ ಹೋಗ್ಬುಡ್ತೀನಿ.”

ಎಲ್ಲಿ ತೊಡಕಾಯಿತೆಂದು ಕೇಳಿದೆ. ಕೈಪಿಡಿ ತೆರೆದು ಬೆರಳಿಟ್ಟರು.

“ಬಂಚ್ ಸಿಕ್ತು. ಕಟ್ಟು ಎಲ್ಲೈತೆ? ಗೊಂಚಲು ಎಲ್ಲೈತೆ? ಒಂದ್ ವಾರದಿಂದ ಹುಡುಕ್ತಾ ಇವ್ನಿ.”

“ಮೂರೂ ಒಂದೇ ಅಕ್ಕಾ.”

“ಒಂದೇ ಆದ್ರೆ ಮೂರ್ ಹೆಸ್ರು ಯಾಕಪ್ಪಾ ಇಕ್ದೆ?”

ನೋಡಿ, ಇದೇ ಲಕ್ಷ್ಮಕ್ಕ ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿಗೆ ತಿರುಗಿಸಿ ತಮಿಳಿನಲ್ಲಿ ಮುಗಿಸುವವರು. ಬಾಯಿಮಾತಿನಲ್ಲಿ ಒಂದಕ್ಕೆ ಮೂರು ಹೆಸರಿದ್ದರೆ ಅವರಿಗೆ ಲೆಕ್ಕಕ್ಕೇ ಇಲ್ಲ. ಎದುರಿಗಿದ್ದವರು ಕೈ ಮಾಡಿ ತೋರಿಸುತ್ತಾರೆ. ಅಚ್ಚಾದ ಪುಸ್ತಕದ ಮೇಲೆ ಮಾತ್ರ ಅವರಿಗೆ ಪೂರ್ತಿ ನಂಬಿಕೆ. ಪದ ಬೇರೆಯಾದರೆ ವಸ್ತುವೂ ಬೇರೆಯೇ ಇರಬೇಕು ಎಂದುಕೊಂಡು, ಸಿಗದಿದ್ದಾಗ ತಮ್ಮನ್ನೇ ದಡ್ಡಿ ಎಂದುಕೊಂಡಿದ್ದರು. ನನಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

“ತಪ್ಪು ನಿಮ್ದಲ್ಲಕ್ಕಾ, ನಂದು,” ಎಂದೆ. ಮಾಲೀಕರಿಗೂ ಹಾಗೆಯೇ ಹೇಳಿ ಎರಡು ದಿನದ ಸಮಯ ಕೇಳಿದೆ. ಲಕ್ಷ್ಮಕ್ಕನೂ ನಾನೂ ಕೂತು, ಒಂದು ವಸ್ತುವಿಗೆ ಒಂದೇ ಹೆಸರಿರುವ ಪಟ್ಟಿ ಮಾಡಿದೆವು. ನನ್ನ ‘ಶೀತಲಗೃಹ’ ನೋಡಿ ಅವರು ನಕ್ಕರು. “ಕೋಲ್ಡ್ ರೂಮ್ ಅನ್ನಪ್ಪಾ, ಎಲ್ರೂ ಅಂಗೇ ಅಂತಾರೆ.” ಹೊಸ ಕೈಪಿಡಿಯಲ್ಲಿ ಬಂಚ್ ಕೊನೆಯವರೆಗೂ ಬಂಚಾಗಿಯೇ ಉಳಿಯಿತು. ಅದನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿತರು, ಉಸ್ತುವಾರಿಯೂ ಅವರದಾಯಿತು.

ನಿಮ್ಮ ಬರಹ ಸಪ್ಪೆ, ಹೇಳಿದ ಪದವನ್ನೇ ಹೇಳುತ್ತೀರಿ ಎಂದು ಆಫೀಸಿನ ಹೊಸಬರು ಈಗ ಕೆಣಕುತ್ತಾರೆ. ಹೌದು, ಬೇಕೆಂದೇ ಹೇಳುತ್ತೇನೆ. ಸೂಳಗಿರಿಯಿಂದ ಬಸ್ಸು ಹೊರಟ ಮೇಲೆ ಲಕ್ಷ್ಮಕ್ಕನಿಗೆ ಫೋನ್ ಮಾಡಿ, ಶೆಡ್ಡಿಗೆ ಹೊಸದಾಗಿ ಸೇರಿದವರು ಟ್ಯಾಬ್ಲೆಟ್ ಕಲಿತರೇ ಎಂದು ಕೇಳಿದೆ.

“ಕಲಿಯೋದೇನು, ಪುಸ್ತಕ ಓದ್ಕೊಂಡು ಅವ್ರೇ ಮಾಡ್ತಾವ್ರೆ. ಒಬ್ರೂ ಬಂದು ನನ್ನ ಕೇಳ್ಲಿಲ್ಲ,” ಎಂದು ಬೈದರು. “ಹಿಂಗೆ ಬರ್ದುಬುಟ್ರೆ ನಾನು ಯಾರಿಗಪ್ಪಾ ಹೇಳ್ಕೊಡ್ಲಿ?”