ಗೋಲಿ ಮಿಷನ್ನಿನ ಬೀಗ

ಮೊನ್ನೆ ಮನೆಯ ಬೀರುವಿನ ಬೀಗ ಕೆಟ್ಟು, ಅದನ್ನು ಡ್ರಿಲ್ ಹಾಕಿಸಿ ತೆಗೆಸಬೇಕಾಯಿತು. ಸುಟ್ಟ ಎಣ್ಣೆ, ಕಾದ ಹಿತ್ತಾಳೆಯ ಪುಡಿ ಬೆರೆತ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಅಂಥದೇ ವಾಸನೆ ಹಿಂದೊಮ್ಮೆ ಹಿಂದೂಪುರದಲ್ಲಿ ಮೂಗಿಗೆ ಬಡಿದಿತ್ತು, ಪಕ್ಕದ ಅಂಗಡಿಯ ಅಕ್ಕನ ಜೊತೆ ನಿಂತಿದ್ದಾಗ...

ಎಂಬತ್ತರ ದಶಕದ ಮಾತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಟೈಲರ್ ಅಂಗಡಿ ಇಟ್ಟಿದ್ದೆ. ಪಕ್ಕದ ಮಳಿಗೆಯಲ್ಲಿ ಅಕ್ಕ ಸೋಡಾ, ಬಾಳೆಹಣ್ಣು, ಬೀಡಿ ಮಾರುತ್ತಿದ್ದಳು. ಜನ ಬರುತ್ತಿದ್ದದ್ದು ಮಾತ್ರ ಒಳಗಿದ್ದ ಹಳೇ ಪಿನ್‌ಬಾಲ್ ಯಂತ್ರಕ್ಕೆ. ಗೋಲಿ ಮಿಷನ್ ಅನ್ನುತ್ತಿದ್ದರು. ಕಾಸು ಹಾಕಿ ಸ್ಪ್ರಿಂಗಿನ ಹಿಡಿ ಎಳೆದುಬಿಟ್ಟರೆ ಉಕ್ಕಿನ ಗೋಲಿ ಗಾಜಿನ ಕೆಳಗೆ ಓಡಾಡಿ ದೀಪ ಹೊತ್ತಿಸುತ್ತಿತ್ತು, ಗಂಟೆ ಬಾರಿಸುತ್ತಿತ್ತು. ಹುಣಿಸೆಹಣ್ಣಿನ ಮಂಡಿಯ ಹಮಾಲರು, ಲೇಪಾಕ್ಷಿ ಬಸ್ಸಿಗೆ ಕಾಯುವವರು ಅದರ ಸುತ್ತ ಮುತ್ತಿಕೊಂಡಿರುತ್ತಿದ್ದರು.

ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಅದನ್ನು ತಂದವನು ಅಕ್ಕನ ಗಂಡ. ತಂದ ಸ್ವಲ್ಪ ಕಾಲಕ್ಕೇ ಅವನು ಕಲ್ಯಾಣದುರ್ಗದಲ್ಲಿ ಇನ್ನೊಂದು ಸಂಸಾರ ಹೂಡಿದ. ಯಂತ್ರ ಇಲ್ಲೇ ಉಳಿಯಿತು. ಅದರ ಬೀಗದ ಕೈ ಅವನ ಉಡಿದಾರದಲ್ಲಿ ಹೊರಟುಹೋಯಿತು. ಮನಸ್ಸು ಬಂದಾಗ ಬಂದು, ಯಂತ್ರದ ಮುಂದಿನ ಪುಟ್ಟ ಬಾಗಿಲು ತೆಗೆದು, ಕಾಸಿನ ಡಬ್ಬಿ ಬರಿದು ಮಾಡಿಕೊಂಡು, ಅಕ್ಕ ಒಡೆದುಕೊಟ್ಟ ಸೋಡಾ ಕುಡಿದು ಹೋಗುತ್ತಿದ್ದ. ಅಕ್ಕ ಏನೂ ಅನ್ನುತ್ತಿರಲಿಲ್ಲ. ಬೀದಿಯವರು ಅದನ್ನು ಒಳ್ಳೆಯತನ ಅಂದರು. ನನಗೆ ಏನೆಂದು ತಿಳಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಒಳಗಿನ ರಬ್ಬರ್ ಪಟ್ಟಿ ಹರಿದು ಗೋಲಿ ಅದರೊಳಗೆ ಸಿಕ್ಕಿಕೊಂಡಿತು. ಗಾಜು ಸರಿಸಬೇಕಾದರೆ ಆ ಪುಟ್ಟ ಬಾಗಿಲೊಳಗೆ ಕೈ ಹಾಕಿ ಒಂದು ಸರಳು ಎಳೆಯಬೇಕಿತ್ತು. ಬಾಗಿಲಿಗೆ ಬೀಗ. ಎಷ್ಟು ಹೇಳಿಕಳಿಸಿದರೂ ಗಂಡ ಬರಲಿಲ್ಲ. ಆಟ ನಿಂತ ಮೇಲೆ ಸೋಡಾ ಕೇಳುವವರೂ ಇಲ್ಲವಾದರು. ಮಳಿಗೆ ಬಿಟ್ಟುಕೊಡುತ್ತೀಯಾ ಎಂದು ಮಾಲೀಕ ಕೇಳತೊಡಗಿದ.

ನನ್ನ ತಂಗಿಯನ್ನು ಕೊಟ್ಟಿದ್ದು ಕಲ್ಯಾಣದುರ್ಗಕ್ಕೇ. ಅವಳನ್ನು ನೋಡಲು ಹೊರಟ ದಿನ ಅಕ್ಕನೂ ಅಂಗಡಿ ಮುಚ್ಚಿ ಬಂದಳು.

"ನಾನೂ ಬತ್ತೀನಿ ಕಣಪ್ಪ. ಬೀಗದ್ ಕೈ ಇಸ್ಕೊಂಡ್ ಬಂದ್ಬುಡಾನ."

ಅಕ್ಕನ ಗಂಡ ಅಲ್ಲಿ ತನ್ನ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ. ಆ ಮನೆಯ ಹೆಂಗಸು ಒಳಗಿನಿಂದ ನೀರು ತಂದು ಅಕ್ಕನ ಮುಂದಿಟ್ಟು, ಬಾಗಿಲ ಹಿಂದೆ ಸರಿದು ನಿಂತಳು. ಅಕ್ಕ ಬಂದ ಕೆಲಸ ಹೇಳಿದಳು. ಅವನು ತೆಲುಗಿನಲ್ಲಿ, "ನೇನೇ ವಸ್ತಾಲೇ, ನೇನೇ ತೀಸ್ತಾ" ಅಂದ. ತಾನೇ ಬಂದು ತಾನೇ ತೆಗೆಯುತ್ತಾನಂತೆ.

"ಯಾವತ್ತು?" ಅಂದಳು ಅಕ್ಕ.

ಅವನು ಬೀದಿಯ ಕಡೆಗೆ ತಿರುಗಿ ಕೂತ. ಅಕ್ಕ ನೀರು ಕುಡಿದು ಚೊಂಬು ಕೆಳಗಿಟ್ಟಳು. "ಹೋಗ್ಬತ್ತೀನಿ ಕಣಮ್ಮ" ಎಂದು ಆ ಹೆಂಗಸಿಗೆ ಮಾತ್ರ ಹೇಳಿ ಎದ್ದಳು.

ವಾಪಸ್ ಬರುವಾಗ ಬಸ್ಸು ಕಂಬದೂರು ದಾಟಿತ್ತು. ಅಕ್ಕ ಕೇಳಿದಳು: "ಬೀಗ ಒಡ್ಸಿ ಬ್ಯಾರೇದು ಹಾಕ್ಸಿದ್ರೆ ಮಿಷನ್ ಕೆಡ್ತದಾ ತಮ್ಮ?"

ಕೆಡಲ್ಲ, ಅಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ.

ಲೇತ್ ಶೆಡ್ಡಿನಿಂದ ಒಬ್ಬನನ್ನು ಕರೆಸಿದೆವು. ಅವನು ಡ್ರಿಲ್ ಕೈಗೆತ್ತಿಕೊಂಡು, ಯಜಮಾನರಿಲ್ಲವೇ ಎಂದು ಅನುಮಾನಿಸಿದ. "ನಾನಿದೀನಲ್ಲ, ಹಾಕು" ಅಂದಳು ಅಕ್ಕ. ಹಿತ್ತಾಳೆ ಪುಡಿಯಾಗಿ ಉದುರಿತು. ಬೀಗದ ಹಿಂದಿನ ನಾಲಿಗೆಯಂಥ ತಗಡು ಕಳಚಿ ಒಳಗೆ ಬಿತ್ತು. ಹೊಸ ಬೀಗ ಮೇಜಿನ ಡ್ರಾಯರಿಗೆ ಹಾಕುವಂಥದು. ತೂತು ಬಿಗಿಯಾಯಿತೆಂದು ಅವನು ಅರ ಹಾಕಿ ಉಜ್ಜಿದ. ನಾಲಿಗೆ ಉದ್ದವಾಯಿತೆಂದು ತುಸು ಕತ್ತರಿಸಿದ. ಕೂತಿತು. ಅಕ್ಕ ಬಾಗಿಲು ತೆಗೆದು, ಸರಳು ಎಳೆದು, ಗಾಜು ಸರಿಸಿ, ಸಿಕ್ಕಿಕೊಂಡಿದ್ದ ಗೋಲಿಯನ್ನು ಈಚೆ ತೆಗೆದಳು. ಅಷ್ಟು ವರ್ಷದಲ್ಲಿ ಅವಳು ಆ ಯಂತ್ರದ ಒಳಗೆ ಕೈಯಿಟ್ಟದ್ದು ಅದೇ ಮೊದಲು. ಗೋಲಿಯನ್ನು ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಹೊಸ ರಬ್ಬರ್ ಪಟ್ಟಿ ಹಾಕಿಸಿದ ಮೇಲೆ ಆಟ ಮತ್ತೆ ಶುರುವಾಯಿತು. ಗಂಡ ಬಂದದ್ದು ದೀಪಾವಳಿಯ ಆಸುಪಾಸಿಗೆ. ಬಗ್ಗಿ ಬೀಗದ ಕೈ ಹಾಕಿದ, ಹೋಗಲಿಲ್ಲ. ಬಾಯಲ್ಲಿ ಊದಿ ಮತ್ತೆ ಹಾಕಿದ. ಪಕ್ಕದಲ್ಲಿ ನಾನು ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿದ್ದೆ.

"ಬೀಗ ಬದಲಾಯ್ಸಿದೀನಿ" ಅಂದಳು ಅಕ್ಕ, ಗಿರಾಕಿಗಳಿಗೆ ಹೇಳುವ ದನಿಯಲ್ಲೇ. "ಆಡಂಗಿದ್ರೆ ಕಾಸ್ ಹಾಕಿ ಆಡಿ."

ಅವನು ಸುತ್ತ ನಿಂತವರನ್ನು ನೋಡಿದ. ಜೇಬಿನಿಂದ ಕಾಸು ತೆಗೆದು ಹಾಕಿದ. ಗೋಲಿ ಒಂದು ದೀಪವನ್ನೂ ಮುಟ್ಟದೆ ನೇರ ಕೆಳಗಿಳಿದು ಮಾಯವಾಯಿತು. ಅಕ್ಕ ಎಂದಿನಂತೆ ಸೋಡಾ ಒಡೆದುಕೊಟ್ಟಳು. ಕುಡಿದು ಹೋದ. ಮತ್ತೆ ಬರಲಿಲ್ಲ.

ತೊಂಬತ್ತರ ಹೊತ್ತಿಗೆ ಟಿವಿ ಪರದೆಯ ಆಟಗಳು ಬಂದು, ಅಕ್ಕ ಯಂತ್ರವನ್ನು ಗುಜರಿಗೆ ಹಾಕಿದಳು. ಅದಾದ ಕೆಲವು ವರ್ಷಕ್ಕೆ ಗಂಡನಿಗೆ ಪಾರ್ಶ್ವವಾಯು ಬಡಿಯಿತೆಂಬ ಸುದ್ದಿ ಬಂತು. ಒಂದು ಬೆಳಿಗ್ಗೆ ಅಕ್ಕ ಟ್ರಂಕು ಹಿಡಿದು ಕಲ್ಯಾಣದುರ್ಗದ ಬಸ್ಸಿಗೆ ನಿಂತಿದ್ದಳು. ಅವನಿಗೋಸ್ಕರ ಹೋಗ್ತೀಯಾ ಅಕ್ಕ, ಎಂದು ಕೇಳಿಬಿಟ್ಟೆ.

"ಅವ್ರಿಗೋಸ್ಕರ ಅಲ್ಲ ಕಣಪ್ಪ. ಆವಮ್ಮ ಒಬ್ಳೇ ಎಷ್ಟೂಂತ ಎತ್ತಿ ಇಳಿಸ್ತಾಳೆ?"

ಅಲ್ಲಿಂದ ಅವಳು ಹಿಂತಿರುಗಲಿಲ್ಲ. ನಾನೂ ಅಂಗಡಿ ಮುಚ್ಚಿ ಬೇರೆ ಊರು ಸೇರಿದೆ...

ಮೊನ್ನೆ ತಂಗಿಗೆ ಫೋನ್ ಮಾಡಿ ವಿಚಾರಿಸಿದೆ. ಗಂಡ ತೀರಿಹೋದ ಮೇಲೂ ಅಕ್ಕ, ಆ ಹೆಂಗಸು ಇಬ್ಬರೂ ಒಂದೇ ಮನೆಯಲ್ಲಿದ್ದರಂತೆ. ಬೀದಿಗೆ ಹೊಸದಾಗಿ ಬಂದವರು ಒಡಹುಟ್ಟಿದವರೆಂದೇ ತಿಳಿದಿದ್ದರಂತೆ. ಇಬ್ಬರೂ ತಿದ್ದಲು ಹೋಗಲಿಲ್ಲವಂತೆ. ಅಕ್ಕ ತೀರಿಕೊಂಡು ಬಹಳ ಕಾಲವಾಗಿದೆ. ಆ ಸುದ್ದಿಯನ್ನು ನನಗೆ ಮುಟ್ಟಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅಷ್ಟು ವರ್ಷ ಅವಳು ಬದುಕಿದ್ದಾಳೆಂದೇ ನಾನು ಅಂದುಕೊಂಡಿದ್ದೆ.