ಅಪ್ಪನ ಉರ್ದು, ಅವ್ವನ ಅಂಡೆ

ಬರೆಯುವಾಗ ಹಂಡೆ, ನಮ್ಮ ಬಾಯಲ್ಲಿ ಅಂಡೆ. ‘ಹ’ ಬಂದರೆ ನುಂಗಿಬಿಡುವುದು ನಮ್ಮ ಯಗಟಿ ಕಡೆಯ ರೂಢಿ. ಅದರಿಂದ ನಮ್ಮ ಮನೆಯಲ್ಲಿ ಆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಬಚ್ಚಲೊಲೆಯ ಮೇಲೆ ತಾಮ್ರದ ಅಂಡೆ ತುಂಬ ನೀರು ಕುದಿಯುತ್ತಿತ್ತು. ಅದು ಅವ್ವನ ಮದುವೆಯಲ್ಲಿ ಅವಳಪ್ಪ ಕೊಟ್ಟ ಅಂಡೆ. ಕಂಠದ ಮೇಲೆ ಮಗಳ ಹೆಸರು ಕೊರೆಸಿದ್ದ. ಅವ್ವ ನನ್ನ ಮೈಗೆಲ್ಲ ಹರಳೆಣ್ಣೆ ಬಳಿದು ಮಣೆಯ ಮೇಲೆ ಕೂರಿಸಿದ್ದಳು.

ಅಷ್ಟರಲ್ಲಿ, ಕಂದಾಯದ ತನಿಖೆಗೆ ಬಂದು ಊರ ತೋಪಿನಲ್ಲಿ ಡೇರೆ ಹಾಕಿದ್ದ ಸಾಹೇಬರ ಜವಾನ ಬಾಗಿಲಿಗೆ ಬಂದು, “ಪಟೇಲ್! ಸಾಹೇಬ್‌ಕು ಅಂಡೇ ಹೋನಾ, ಜಲ್ದಿ!” ಅಂತ ಕೂಗಿ, ನಿಲ್ಲದೆ ಹೊರಟೇಹೋದ. ಊರ ಪಟೇಲ ನಮ್ಮಪ್ಪ. ಖಾತೆ, ಜಮಾಬಂದಿ, ಅಮಲ್ದಾರ್ ಅಂತ ನಾಲ್ಕು ಮಾತು ಬರುತ್ತಿದ್ದುದಕ್ಕೇ ಉರ್ದುವೆಲ್ಲ ತನ್ನ ಜೇಬಲ್ಲಿದೆ ಅಂದುಕೊಂಡಿದ್ದ ಮಹಾರಾಯ.

“ಸಾಯೇಬ್ರ ಸ್ನಾನಕ್ಕೆ ಅಂಡೆ ಬೇಕಂತೆ ಕಣೇ.”

“ಬಾಣಂತಿ ಎಣ್ಣೆ ಮೈಲಿ ಕೂತವ್ಳೆ! ಇನ್ನೊಂದ್ಸಲ ಸರಿಯಾಗಿ ಕೇಳ್ಕೊಂಡ್ ಬನ್ರೀ,” ಅಂದಳು ಅವ್ವ.

“ನಂಗೆ ಉರ್ದು ಬರಲ್ವೇನೇ?”

ಕುದಿಯುವ ನೀರನ್ನೆಲ್ಲ ಬಚ್ಚಲಿಗೆ ಚೆಲ್ಲಿಸಿ, ಅಂಡೆಯನ್ನು ಗಾಡಿಗೆ ಏರಿಸಿಯೇಬಿಟ್ಟ. ನಾನು ಜಿಡ್ಡು ಮೈಯಲ್ಲಿ ನಡುಗುತ್ತ, “ಆ ಸಾಯೇಬ ಆಳಾಗೋಗ್ಲಿ” ಅಂತ ಶಪಿಸುತ್ತ ಕೂತೆ. ಅವ್ವ ಸಣ್ಣ ಮಡಕೆಗಳಲ್ಲಿ ನೀರು ಕಾಯಿಸಿ ಹುಯ್ದಳು. ಒಂದು ಕಾಯುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ಎಣ್ಣೆ ಹೋಗಲೇ ಇಲ್ಲ.

ಮಾರನೇ ದಿನ ಅಂಡೆ ವಾಪಸ್ಸು ಬಂತು. ತಳದಲ್ಲಿ ಮೊಟ್ಟೆಯ ಸಿಪ್ಪೆ! ಗಾಡಿಯವನು ನಗು ತಡೆಯಲಾರದೆ ಹೇಳಿದ: ಉರ್ದುವಿನಲ್ಲಿ ಅಂಡೆ ಅಂದರೆ ಕೋಳಿಮೊಟ್ಟೆಯಂತೆ. ಡೇರೆಯವರು ಮೊಟ್ಟೆಯನ್ನು ಬೇರೆ ಕಡೆಯಿಂದ ತರಿಸಿಕೊಂಡು, ತಾನಾಗಿ ಬಂದ ಪಾತ್ರೆಯನ್ನು ಯಾಕೆ ಬಿಡಬೇಕು ಅಂತ ಅದರಲ್ಲೇ ಬೇಯಿಸಿದ್ದರು. ಲಿಂಗ ಕಟ್ಟಿದ ಮನೆ ನಮ್ಮದು. ಮೊಟ್ಟೆ ಬೆಂದ ಅಂಡೆ ಇನ್ನು ಹೊಸ್ತಿಲು ದಾಟುವ ಹಾಗಿರಲಿಲ್ಲ.

“ಅವರದೂ ಅಂಡೆ, ನಮ್ಮದೂ ಅಂಡೆ. ನಾನೇನ್ ಮಾಡ್ಲಿ?” ಅಂತ ಅಪ್ಪ ಗೊಣಗಿದ. “ಕಡೂರಿಂದ ಬೇರೆ ತರ್ತೀನಿ, ಬಿಡು.”

ಅಕ್ಷರ ಬಾರದ ಅವ್ವ ಅಂಗಳದಲ್ಲೇ ಕೂತು, ಕಂಠದ ಮೇಲಿನ ಮಸಿ ಒರೆಸಿ ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅಂಡೆ ತರ್ತೀರಿ. ಕೊಟ್ಟ ನಮ್ಮಪ್ಪ ಮಣ್ಣಾಗವ್ನೆ. ಅವನ್ನ ಯಾವ ಬಾಸೇಲಿ ಕೇಳಿ ತರ್ತೀರಿ?”